ವೆನ್ನಾ ಹೊಲಿದ ನಾಲಿಗೆ

೧

ಈ ಕಥೆಯನ್ನು ಯಾವ ತುದಿಯಿಂದ ಹಿಡಿದುಕೊಳ್ಳಬೇಕು ಎಂಬುದೇ ನನಗಿನ್ನೂ ಬಗೆಹರಿದಿಲ್ಲ. ನಾಲಿಗೆಯಿಂದ ಹಿಡಿಯೋಣವೆಂದರೆ ಜಾರುತ್ತದೆ. (ದನದ ನಾಲಿಗೆ, ಹಸಿಯದು, ಮಾಂಸದಂಗಡಿಯಿಂದ ಕಾಗದದಲ್ಲಿ ಸುತ್ತಿಸಿಕೊಂಡು ತಂದದ್ದು. ಅದು ಕಥೆಯೊಳಗೆ ಬಂದೇ ಬರುತ್ತದೆ, ಓದುಗರು ಊಟ ಮುಗಿಸಿಕೊಂಡು ಕೂತರೆ ಒಳ್ಳೆಯದು.) ಚಂದ್ರನಿಂದ ಶುರುವಾದ ಡ್ರಾಫ್ಟೂ ಒಂದಿತ್ತು. ಮಾಟದ ಕಥೆ ಅಂದಮೇಲೆ ಚಂದ್ರ, ಗೂಬೆ, ಗಾಳಿಗೆ ಬಡಿದುಕೊಳ್ಳುವ ಕಿಟಕಿ ಎಲ್ಲ ಬೇಕಲ್ಲ. ಎರಡು ಪುಟ ಬರೆದು ಡಿಲೀಟ್ ಮಾಡಿದೆ. ನಡೆದದ್ದು ಹಾಗಲ್ಲ. ನಡೆದದ್ದು ಭಾನುವಾರ ಬೆಳಗ್ಗೆ, ಇಂಗ್ಲಿಷ್ ಕರಾವಳಿಯ ನ್ಯೂಲಿನ್ ಬಂದರಿನ ಮೇಲಿನ ಓಣಿಯ ಒಂದು ಇಕ್ಕಟ್ಟಾದ ಅಡುಗೆಮನೆಯಲ್ಲಿ, ರೇಡಿಯೋದಲ್ಲಿ ಸಮುದ್ರದ ಹವಾಮಾನ ಹೇಳುತ್ತಿದ್ದಾಗ.

ಆದ್ದರಿಂದ ಮೀನಿನಿಂದ ಶುರುಮಾಡುತ್ತೇನೆ. ವೆನ್ನಾ ಟ್ರೆಂಬಾತ್ ಬಂದರಿನ ಹರಾಜುಕಟ್ಟೆಯ ಪಕ್ಕದ ಮೀನಿನಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ವಯಸ್ಸು ನಲವತ್ತರ ಆಸುಪಾಸು, ಒಂಟಿ, ಮಾತು ಕಡಿಮೆ. ನಾನು ಈ ಊರಲ್ಲಿ ನೆಲೆಯೂರಿದಾಗಿನಿಂದ ಅವಳ ಹತ್ತಿರವೇ ಬಂಗುಡೆ ಕೊಳ್ಳುತ್ತಿದ್ದೇನೆ. ಈ ಕಥೆಯನ್ನು ಅವಳು ನನಗೆ ಹೇಳಿದ್ದು ಕಂತುಕಂತಾಗಿ, ಮೀನಿನ ಹೊಟ್ಟೆ ಸೀಳುತ್ತಾ, ಬೇರೆ ಗಿರಾಕಿ ಬಂದರೆ ಅಲ್ಲಿಗೇ ತುಂಡು ಮಾಡುತ್ತಾ. ಬರೆಯುತ್ತೇನೆ ಎಂದಾಗ ಬೇಡವೆನ್ನಲಿಲ್ಲ. ಒಂದು ಷರತ್ತು ಹಾಕಿದಳು.

“ನನ್ನನ್ನ ಒಳ್ಳೆಯವಳನ್ನಾಗಿ ಮಾತ್ರ ಮಾಡಬೇಡಿ. ಓದೋರಿಗೆ ಸುಳ್ಳು ಅಂತ ಗೊತ್ತಾಗಿಬಿಡತ್ತೆ.”

೨

ವೆನ್ನಾಗೆ ಇರುವವಳು ಒಬ್ಬಳೇ ಅಕ್ಕ, ಕೆರಾ. ಕೆರಾಳ ಗಂಡ ಡೆಂಜಿಲ್ ಹಾಕಿಂಗ್, ಒಂದು ಮೀನುದೋಣಿಯ ನಾಯಕ. ಊರಿನ ಗಂಡಸರ ಹಾಡುತಂಡದಲ್ಲಿ ಎಲ್ಲರಿಗಿಂತ ಕೆಳಗಿನ ಸ್ವರ ಹಿಡಿಯುವವನು. ಆ ದನಿಯನ್ನು ಕೇಳದವರಿಗೆ ಹೇಳಿ ತಿಳಿಸುವುದು ಕಷ್ಟ. ಅವನು ಚಾಪೆಲ್‌ನಲ್ಲಿ ಭಾನುವಾರದ ಪ್ರಾರ್ಥನೆಗೆ ಹಾಡಿದರೆ ಕೂತ ಬೆಂಚು ತೊಡೆಯ ಕೆಳಗೆ ಸಣ್ಣಗೆ ನಡುಗುತ್ತಿತ್ತು. ಊರಲ್ಲಿ ಯಾರು ಸತ್ತರೂ ಅವನ ಹಾಡು ಬೇಕು, ಯಾರ ಮದುವೆಯಾದರೂ ಅವನ ಹಾಡು ಬೇಕು.

ಮೊದಲ ಡ್ರಾಫ್ಟಿನಲ್ಲಿ ಡೆಂಜಿಲ್ ಹೆಂಡತಿಯನ್ನು ಹೊಡೆಯುತ್ತಿದ್ದ. ಅದು ನನಗೆ ಸಲೀಸಾಗಿತ್ತು. ಒಂದು ಏಟು ಬಿದ್ದರೆ ಸಾಕು, ಓದುಗರು ತಾವಾಗಿಯೇ ನನ್ನ ಕಡೆ ಬಂದುಬಿಡುತ್ತಾರೆ. ವೆನ್ನಾ ಅದನ್ನು ಓದಿ ಹಾಳೆಗಳನ್ನು ಮಂಜುಗಡ್ಡೆಯ ಮೇಲಿಟ್ಟಳು. ಅವನು ಯಾವತ್ತೂ ಕೈ ಎತ್ತಿದವನಲ್ಲ ಎಂದಳು. ಎತ್ತಿದ್ದರೆ ಕೆರಾ ಆವತ್ತೇ ಮನೆ ಬಿಡುತ್ತಿದ್ದಳು, ತೋರಿಸುವುದಕ್ಕೆ ಒಂದು ಗುರುತಾದರೂ ಇರುತ್ತಿತ್ತು. ಅವನು ಮಾಡಿದ್ದನ್ನು ಬರೆಯಿರಿ ಎಂದಳು.

ಅವನು ಮಾಡಿದ್ದು ಮಾತಾಡಿದ್ದು. ಕೂಗಾಡಿದ್ದಲ್ಲ. ಚಾಪೆಲ್ಲನ್ನು ತುಂಬುವ ಅದೇ ದನಿಯನ್ನು ಮನೆಯಲ್ಲಿ ಇನ್ನಷ್ಟು ತಗ್ಗಿಸಿ, ಮೆತ್ತಗೆ, ಮಗುವಿಗೆ ತುತ್ತಿಡುವವನ ಹಾಗೆ ಆಡುತ್ತಿದ್ದ. ಕೆರಾ ಅಡುಗೆ ಬಡಿಸಿದರೆ ನೆಂಟರ ಕಡೆ ತಿರುಗಿ, ತುಂಬಾ ಹಸಿದವರು ಮಾತ್ರ ತಿನ್ನಿ ಎನ್ನುತ್ತಿದ್ದ. ಅವಳು ಕಾರು ತೆಗೆದರೆ ಬೀದಿಯ ಬೆಕ್ಕುಗಳ ಬಗ್ಗೆ ಕನಿಕರ ತೋರಿಸುತ್ತಿದ್ದ. ಎಲ್ಲರೂ ನಗುತ್ತಿದ್ದರು. ಕೆರಾಳೂ ನಗುತ್ತಿದ್ದಳು. ಮದುವೆಗೆ ಮುಂಚೆ ಅವಳು ಹೆಂಗಸರ ಹುಟ್ಟುದೋಣಿ ತಂಡದಲ್ಲಿದ್ದವಳು, ಎದುರು ಅಲೆಯಲ್ಲಿ ಹುಟ್ಟು ಹಾಕಿ ಪಂದ್ಯ ಗೆದ್ದವಳು. ಮದುವೆಯಾದ ಮೇಲೆ ಮೊದಲು ದೋಣಿ ಬಿಟ್ಟಳು, ಆಮೇಲೆ ಕಾರು ಬಿಟ್ಟಳು, ಆಮೇಲೆ ಪರದೆಯ ಬಟ್ಟೆ ಆರಿಸುವುದಕ್ಕೂ ಗಂಡನ ಮುಖ ನೋಡತೊಡಗಿದಳು.

ಕೆರಾಳ ಹುಟ್ಟುಹಬ್ಬದ ಊಟಕ್ಕೆ ವೆನ್ನಾ ಹೋಗಿದ್ದಳು. ಮತ್ತೆ ದೋಣಿಗೆ ಹೋಗೋಣ ಅಂತ ಯೋಚನೆ ಮಾಡ್ತಿದ್ದೀನಿ ಎಂದು ಕೆರಾ ತಟ್ಟೆ ನೋಡಿಕೊಂಡೇ ಹೇಳಿದಳು. ಡೆಂಜಿಲ್ ಚಾಕು ಕೆಳಗಿಟ್ಟ. ಅವಳ ಮಣಿಕಟ್ಟನ್ನು ಮುದ್ದಾಗಿ ತಟ್ಟಿದ, ಆಮೇಲೆ ಸ್ವಲ್ಪ ತಡೆದ.

“ಯೋಚನೆ ಮಾಡಬೇಡ ಕೆರಾ. ಅದು ನಿನಗೆ ಆಗಿಬರಲ್ಲ.”

(ಗಮನಿಸಿ, ಇಡೀ ಕಥೆಯಲ್ಲಿ ಡೆಂಜಿಲ್‌ಗೆ ನಾನು ಕೊಟ್ಟಿರುವ ಮಾತು ಇದೊಂದೇ.)

೩

ವೆನ್ನಾ ಅಷ್ಟು ಹೊತ್ತಿಗಾಗಲೇ ಮಾಟ ಕಲಿಯಲು ಹೊರಟಿದ್ದಳು. ಅಕ್ಕನಿಗಾಗಿ ಅಲ್ಲ. ಯಾಕೆ ಎಂದು ಕೇಳಿದರೆ ಅವಳ ಉತ್ತರ ಚಿಕ್ಕದು. ಚಾಪೆಲ್‌ನಲ್ಲಿ ಬರೀ ಕೇಳಿಕೊಳ್ಳಬೇಕು, ಇಲ್ಲಿ ಏನಾದರೂ ಮಾಡಬಹುದು.

ಎಲ್ಲ ಹೊಸಬರಂತೆ ಅವಳೂ ಮೊದಲು ಹೋದದ್ದು ಅಂಗಡಿಗೆ. ಪಕ್ಕದ ಪಟ್ಟಣ ಪೆನ್ಜಾನ್ಸಿನಿಂದ ಕಪ್ಪು ಮೇಣದಬತ್ತಿ, ಒಂದು ಮೊಟ್ಟೆ ಬೇಯಿಸುವಷ್ಟು ದೊಡ್ಡ ಕಬ್ಬಿಣದ ಕಡಾಯಿ, ಕಪ್ಪು ಹಿಡಿಯ ಒಂದು ಚೂರಿ ತಂದಳು. ಆ ಚೂರಿಯಿಂದ ಏನನ್ನೂ ಕುಯ್ಯಬಾರದಂತೆ, ಗಾಳಿಯಲ್ಲಿ ಗೆರೆ ಎಳೆಯಲಿಕ್ಕೆ ಮಾತ್ರವಂತೆ. ದಿನವಿಡೀ ಮೀನು ಕುಯ್ಯುವ ಹೆಂಗಸು ಸಂಜೆ ಮನೆಗೆ ಬಂದು ಏನನ್ನೂ ಕುಯ್ಯದ ಚೂರಿ ಹಿಡಿದು ನಿಲ್ಲುತ್ತಿದ್ದಳು. ಉಪ್ಪು ಚೆಲ್ಲಿ ತನ್ನ ಸುತ್ತ ದಿಗ್ಬಂಧನದ ಮಂಡಲ ಹಾಕಿಕೊಂಡಳು. ಅಡುಗೆಮನೆ ಸಾಲದೆ ಮಂಡಲ ಫ್ರಿಜ್ಜಿನ ನಡುವೆ ಹಾದುಹೋಯಿತು. ಹಾಲು ಒಳಗೆ, ಬೆಣ್ಣೆ ಹೊರಗೆ. (ಈ ಜೋಕು ಅವಳದ್ದೇ, ನನ್ನದಲ್ಲ.)

ಆಮೇಲೆ ಯಾರೋ ಬರ್ಸಾಬಾಳ ವಿಳಾಸ ಕೊಟ್ಟರು. ಗುಡ್ಡದ ಮೇಲಿನ ಹಳ್ಳಿಯಲ್ಲಿ ಕೋಳಿ ಸಾಕಿಕೊಂಡಿದ್ದ ಮುದುಕಿ, ಒಂದು ಕಾಲದಲ್ಲಿ ಸೂಲಗಿತ್ತಿ, ಆ ಕಡೆಯಲ್ಲಿ ವಿಕ್ಕಾ ಎಂಬ ಮಾಟದ ಪಂಥ ಹಿಡಿದವರಿಗೆಲ್ಲ ಹಿರಿಯಳು. ಕಡಾಯಿ ನೋಡಿ ನಕ್ಕಳು. ಇದರಲ್ಲಿ ಸಾಸಿವೆ ಹುರಿದುಕೋ ಎಂದಳು. ಕಲಿಕೆ ಶುರುವಾಗುವುದು ಒಂದು ವರ್ಷ ಮತ್ತು ಒಂದು ದಿನ ಕಾದ ಮೇಲೆ. ಅಲ್ಲಿಯವರೆಗೆ ಚಂದ್ರ ಹುಟ್ಟುವುದು ಮುಳುಗುವುದು ನೋಡಬೇಕು, ನೆಲ ಗುಡಿಸಬೇಕು, ಸುಮ್ಮನೆ ಕೂರುವುದು ರೂಢಿಯಾಗಬೇಕು. ಮನುಷ್ಯರ ಮೇಲೆ ಏನನ್ನೂ ಮಾಡಕೂಡದು. ಮಾಡಿದ್ದು ಮೂರು ಪಟ್ಟಾಗಿ ಮಾಡಿದವರ ಬಾಗಿಲಿಗೇ ಬರುತ್ತದೆ.

ವೆನ್ನಾ ಪ್ರತಿ ವಾರ ಹೋಗಿ ಅವಳ ಹಿತ್ತಲಲ್ಲಿ ಸ್ಟೂಲಿನ ಮೇಲೆ ಕೂತಳು. ಒಂದು ಕೋಳಿ ಎದುರು ಬಂದು ನಿಂತು ಅವಳನ್ನೇ ನೋಡುತ್ತಿತ್ತು. ಹುಟ್ಟುಹಬ್ಬದ ಊಟವಾದ ಮೇಲೆ ಅವಳು ಆ ಸ್ಟೂಲಿಗೆ ಹೋಗಲಿಲ್ಲ.

೪

ಈಗ ನಾಲಿಗೆ.

ಬಾಯಿ ಕಟ್ಟುವ ವಿಧಾನ ಅವಳಿಗೆ ಫೋನಿನಲ್ಲಿ ಯಾರೋ ಮಾಡಿದ್ದ ವೀಡಿಯೋದಲ್ಲಿ ಸಿಕ್ಕಿತು. ಕ್ಷೀಣಿಸುವ ಚಂದ್ರ ಬೇಕಿತ್ತು. ಭಾನುವಾರ ಬೆಳಗ್ಗೆ ಅದು ಗುಡ್ಡದ ಮೇಲೆ, ನೀಲಿ ಆಕಾಶದಲ್ಲಿ, ಅಳಿಸಿ ಉಳಿದ ಸುಣ್ಣದ ಕಲೆಯಂತೆ ನಿಂತಿತ್ತು. ಡೆಂಜಿಲ್ ಹಾಡುವ ಮೊದಲು ಗಂಟಲಿನ ಗುಳಿಗೆ ಚೀಪುತ್ತಿದ್ದ. ಅಂಥ ಗುಳಿಗೆಯೊಂದನ್ನು ವೆನ್ನಾ ಅಕ್ಕನ ಮನೆಯ ಬಟ್ಟಲಿಂದ ಎತ್ತಿಕೊಂಡು ಬಂದಿದ್ದಳು. ನಾಲಿಗೆಯನ್ನು ಉದ್ದಕ್ಕೆ ಸೀಳಿ, ಒಳಗೆ ಗುಳಿಗೆ ಇಟ್ಟು, ಬಲೆ ಹೆಣೆಯುವ ಸೂಜಿ ಮತ್ತು ಕಪ್ಪು ದಾರದಿಂದ ಹೊಲಿದಳು. ಅವಳ ಅಪ್ಪ, ಅಜ್ಜ ಎಲ್ಲ ಬಲೆ ಹೆಣೆದವರು. ಜಾರದ ಗಂಟು ಅವಳ ಬೆರಳಿಗೆ ಗೊತ್ತಿತ್ತು. ಕೊನೆಯ ಗಂಟನ್ನು ಹಲ್ಲಿನಿಂದ ಎಳೆದಳು.

ಆಗ ಹೇಳಬೇಕಾದ ಮಾತನ್ನು ಅವಳು ವಾರವೆಲ್ಲ ಅಂಗಡಿಯಲ್ಲಿ ಬಾಯಿಪಾಠ ಮಾಡಿದ್ದಳು. ನನ್ನ ಅಕ್ಕನಿಗೆ ನೋವಾಗುವ ಮಾತು ನಿನ್ನ ಬಾಯಿಂದ ಬಾರದಿರಲಿ, ಒಳ್ಳೆಯ ಮಾತಿಗೆ ದಾರಿ ಇರಲಿ. ಆದರೆ ಹಲ್ಲಿನಲ್ಲಿ ದಾರ, ಬಾಯಿತುಂಬ ಹಸಿಮಾಂಸದ ರುಚಿ. ಹೊರಬಂದದ್ದು ಒಂದೇ ಶಬ್ದ.

“ಮುಚ್ಚು.”

ಕೈಯಡಿ ತಣ್ಣಗಿದ್ದ ನಾಲಿಗೆ ಬೆಚ್ಚಗಾಯಿತು ಎನ್ನುತ್ತಾಳೆ ವೆನ್ನಾ. ಬಿಸಿಲು ಬಿದ್ದಿರಬೇಕು ಎಂದೆ.

“ಆ ಕಿಟಕಿಗೆ ಬಿಸಿಲು ಬರೋದು ಮಧ್ಯಾಹ್ನದ ಮೇಲೆ,” ಎಂದಳು. “ನೀವು ನಿಮ್ಮ ಕಥೇಲಿ ಬೆಳಗ್ಗೆನೇ ಬರಿಸ್ಕೊಳ್ಳಿ ಬೇಕಾದ್ರೆ.”

ಅದನ್ನು ಹೊಲದ ಅಂಚಿನ ಮುಳ್ಳುಗಿಡದ ಬುಡದಲ್ಲಿ ಹೂತು, ಕೈ ತೊಳೆದು, ಚಹಾಕ್ಕಿಟ್ಟಳು. ನೀರು ಕುದಿಯುವ ಮೊದಲೇ ಕೆರಾಳ ಫೋನು ಬಂತು. ಚಾಪೆಲ್‌ನಲ್ಲಿ ಹಾಡಿನ ಎರಡನೇ ಚರಣದ ನಡುವೆ ಡೆಂಜಿಲ್‌ನ ದನಿ ನಿಂತುಹೋಗಿತ್ತು. ಕೆಮ್ಮಲಿಲ್ಲ, ಮೈ ವಾಲಲಿಲ್ಲ. ಬಾಯಿ ಹಾಡುತ್ತಲೇ ಇತ್ತು, ಸದ್ದು ಮಾತ್ರ ಇರಲಿಲ್ಲ. ಎಲ್ಲರೂ ಹಾಡು ನಿಲ್ಲಿಸದೆಯೇ ಒಬ್ಬೊಬ್ಬರಾಗಿ ಅವನ ಕಡೆ ತಿರುಗಿದರಂತೆ.

೫

ವೈದ್ಯರು ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ಎಲ್ಲ ಸರಿಯಾಗಿದೆ ಎಂದರು. ಮನಸ್ಸಿನದ್ದಿರಬಹುದು, ಕಾಲ ಬೇಕು ಎಂದರು. (ಇಲ್ಲಿ ಎರಡು ಪುಟದ ವೈದ್ಯಕೀಯ ವಿವರಣೆ ಇತ್ತು. ಒಂದು ಏಟಿನಂತೆ ಒಂದು ವಿವರಣೆಯೂ ಓದುಗರಿಗೆ ನೆಮ್ಮದಿ ಕೊಡುತ್ತದೆ. ವೆನ್ನಾ ತೆಗೆಸಿದಳು. ನಿಮಗೆ ನಿದ್ದೆ ಬರಲಿ ಅಂತ ನನ್ನ ಕೆಲಸವನ್ನ ಅವನ ಮನಸ್ಸಿಗೆ ಹಚ್ಚಬೇಡಿ ಎಂದಳು.)

ದಡದವರೊಡನೆ ರೇಡಿಯೋದಲ್ಲಿ ಮಾತಾಡಲಾಗದವನು ದೋಣಿ ನಡೆಸುವಂತಿಲ್ಲ. ಡೆಂಜಿಲ್ ಮನೆಯ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಬೇರೆಯವರ ಬಲೆ ಸರಿಮಾಡತೊಡಗಿದ. ಕೆರಾ ಮೊದಲೆರಡು ವಾರ ಅತ್ತಳು. ಮೂರನೆಯ ವಾರ ಕಾರು ತೆಗೆದಳು. ವಸಂತ ಬರುವ ಹೊತ್ತಿಗೆ ಹೆಂಗಸರ ದೋಣಿಯಲ್ಲಿ ಅವಳ ಹಳೆಯ ಜಾಗ ಅವಳಿಗೆ ಸಿಕ್ಕಿತ್ತು. ಬಂದರಿನ ಗೋಡೆಯ ಮೇಲೆ ನಿಂತು ನೋಡಿದ ವೆನ್ನಾಗೆ, ಅಂಗೈ ತುಂಬ ಬೊಬ್ಬೆ ಎದ್ದ ಅಕ್ಕ ನಗುತ್ತಾ ಕೈ ಬೀಸಿದ್ದು ಕಂಡಿತು. ಅದೊಂದು ನಗುವಿಗಾಗಿ ಇನ್ನೊಂದು ನಾಲಿಗೆ ಹೊಲಿಯಬೇಕಾಗಿದ್ದರೂ ಹೊಲಿಯುತ್ತಿದ್ದೆ ಎಂದು ವೆನ್ನಾ ನನಗೆ ಹೇಳಿದಳು. ಆಮೇಲೆ, ಇದನ್ನ ಬರೀಲೇಬೇಕು ಎಂದಳು. ಬರೆದಿದ್ದೇನೆ.

ಕಥೆಯನ್ನು ಇಲ್ಲೇ ಮುಗಿಸಬಹುದಿತ್ತು. ಹೆಣ್ಣುಮಕ್ಕಳ ಗೆಲುವು, ಸಮುದ್ರ, ಬಿಸಿಲು. ಒಂದು ಪತ್ರಿಕೆಯವರು ಹಾಗೇ ಮುಗಿಸಿಕೊಡಿ ಎಂದೂ ಕೇಳಿದರು.

೬

ಜೂನ್ ತಿಂಗಳ ಒಂದು ಭಾನುವಾರದ ಊಟ. ಕೆರಾ ಕುರಿಮಾಂಸ ಹುರಿದಿದ್ದಳು. ಡೆಂಜಿಲ್ ಎದ್ದು ಉಪ್ಪಿನ ಡಬ್ಬಿಗೆ ಕೈ ಚಾಚಿದಾಗ ತೋಳು ತಗುಲಿ ನೀರಿನ ಲೋಟ ಉರುಳಿತು. ಅಷ್ಟೇ. ಒರೆಸುವ ಬಟ್ಟೆಗಾಗಿ ಅವನು ಆಚೀಚೆ ನೋಡಿದ, ಯಾವುದನ್ನು ತೆಗೆದುಕೊಳ್ಳಲಿ ಎಂದು ಯೋಚಿಸುತ್ತಿದ್ದವನಂತೆ. ಕೆರಾ ಚಾಕು ಕೆಳಗಿಟ್ಟಳು.

“ಯೋಚನೆ ಮಾಡಬೇಡ ಡೆಂಜಿಲ್. ಅದು ನಿನಗೆ ಆಗಿಬರಲ್ಲ.”

ಮಾತಷ್ಟೇ ಅದೇ ಆಗಿದ್ದರೆ ವೆನ್ನಾ ಅದನ್ನು ಸೇಡು ಎಂದುಕೊಳ್ಳುತ್ತಿದ್ದಳು. ಗಂಡ ಹೆಂಡಿರ ನಡುವೆ ಮಾತು ಕೈ ಬದಲಾಗುವುದು ಹೊಸತೇನಲ್ಲ. ಆದರೆ ಆ ಮಾತಿಗೆ ಮೊದಲಿನ ಚಿಕ್ಕ ನಿಲುಗಡೆ ಅವನದಾಗಿತ್ತು. ಕೊನೆಯ ಶಬ್ದವನ್ನು ಮೆಲ್ಲಗೆ ಕೆಳಗಿಳಿಸಿ ಬಿಡುವುದೂ ಅವನದೇ. ದನಿ ಕೆರಾಳದು, ಆದರೆ ಅದರ ಕೆಳಗೆ ಇನ್ನೊಂದು ದನಿ, ದೋಣಿಯ ಕೆಳಗೆ ನೀರಿದ್ದಂತೆ ಇತ್ತು. ವೆನ್ನಾ ತಲೆ ಎತ್ತಿದಾಗ ಡೆಂಜಿಲ್ ಹೆಂಡತಿಯನ್ನು ನೋಡುತ್ತಿರಲಿಲ್ಲ. ವೆನ್ನಾಳನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ಕೋಪವಿರಲಿಲ್ಲ ಎನ್ನುತ್ತಾಳೆ. ಇದ್ದದ್ದು ಗುರುತು. ತನ್ನ ಅಂಗಿಯನ್ನು ಬೇರೆಯವರ ಮೈಮೇಲೆ ಕಂಡವನಿಗೆ ಸಿಗುವಂಥ ಗುರುತು.

೭

ವೆನ್ನಾ ಮರುದಿನವೇ ಬರ್ಸಾಬಾಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಮುದುಕಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಯಾವ ಮಾತು ಆಡಿದೆ ಎಂದು ಎರಡು ಸಲ ಕೇಳಿದಳು. ಕೇಳಿ ಕೋಳಿಗಳಿಗೆ ಒಂದು ಹಿಡಿ ಕಾಳು ಎರಚಿದಳು.

“ನೀನು ಮುಚ್ಚಿದ್ದು ಬಾಗಿಲು, ಮಗಳೇ. ಒಳಗಿದ್ದದ್ದು ಸಾಯಲಿಲ್ಲ. ಅದಕ್ಕೆ ಪಕ್ಕದಲ್ಲೇ ತೆರೆದ ಬಾಯಿ ಸಿಕ್ತು.”

ಬಿಚ್ಚುವುದಕ್ಕೆ ಆಗುತ್ತದೆಯೇ ಎಂದು ವೆನ್ನಾ ಕೇಳಿದಳು. ಕಟ್ಟಿದವಳೇ ಬಿಚ್ಚಬೇಕು, ವಸ್ತು ಕೈಗೆ ಸಿಕ್ಕಬೇಕು ಎಂದಳು ಬರ್ಸಾಬಾ.

ಆ ಮಧ್ಯಾಹ್ನವೇ ಇಬ್ಬರೂ ಕೈಗುದ್ದಲಿ ಹಿಡಿದು ಹೊಲದಂಚಿಗೆ ಹೋದರು. ಮುಳ್ಳುಗಿಡದ ಬುಡದ ಮಣ್ಣು ಯಾವತ್ತೋ ಕೆದರಿ, ಅದರ ಮೇಲೆ ಹುಲ್ಲೂ ಬೆಳೆದಿತ್ತು. ಮೊಣಕೈವರೆಗೆ ತೋಡಿದರೂ ನಾಲಿಗೆ ಸಿಗಲಿಲ್ಲ. ನರಿಯೋ, ನೆಲ ತೋಡುವ ಬ್ಯಾಜರೋ ತಿಂದು ಹೋಗಿರಬೇಕು. ಸಿಕ್ಕಿದ್ದು ದಾರ. ತುಂಡಾಗಿರಲಿಲ್ಲ, ಹಲ್ಲಿನ ಗುರುತಿರಲಿಲ್ಲ. ಮಾಂಸ ಅದರೊಳಗಿಂದ ಕರಗಿ ಹೋದ ಹಾಗೆ, ಹೊಲಿಗೆಯ ಆಕಾರದಲ್ಲೇ ಸುರುಳಿಸುರುಳಿಯಾಗಿ, ಎಲ್ಲ ಗಂಟುಗಳೂ ಬಿಗಿಯಾಗಿ ಕೂತಿದ್ದವು. ವೆನ್ನಾ ಹುಲ್ಲಿನ ಮೇಲೆ ಕೂತು ಒಂದೊಂದೇ ಗಂಟು ಬಿಚ್ಚಿದಳು. ಹಲ್ಲಿನಿಂದ ಎಳೆದಿದ್ದ ಕೊನೆಯ ಗಂಟಿಗೆ ಉಗುರು ಮುರಿಯಿತು, ಆದರೂ ಬಿಚ್ಚಿದಳು. ಅಕ್ಕನಿಗೆ ಫೋನು ಮಾಡಿ, ಡೆಂಜಿಲ್ ಹೇಗಿದ್ದಾನೆ ಎಂದು ಕೇಳಿದಳು. ಹೇಗಿರ್ತಾನೆ, ಹಾಗೇ ಇದ್ದಾನೆ ಎಂದಳು ಕೆರಾ.

(ಇಲ್ಲಿ ನನಗೊಂದು ಆಸೆ ಹುಟ್ಟಿತ್ತು. ಗುಡ್ಡದ ಮೇಲೆ ಒಂದು ನರಿ ಗಂಡಸಿನ ಕೆಳಸ್ವರದಲ್ಲಿ ಸ್ತೋತ್ರ ಹಾಡಿತು ಎಂದು ಬರೆದೆ. ಓದಿ ನನಗೇ ಮೈ ಜುಮ್ಮೆಂದಿತು. ಆಮೇಲೆ ನಾಚಿಕೆಯಾಗಿ ಹೊಡೆದುಹಾಕಿದೆ. ಆ ನರಿಗಾಗಿ ಈಗಲೂ ಮರುಗುತ್ತಿದ್ದೇನೆ.)

ವಸ್ತು ಇಲ್ಲದೆ ಗಂಟು ಬಿಚ್ಚಿದರೆ ಅದು ಬರೀ ದಾರ ಎಂದಳು ಬರ್ಸಾಬಾ. ದಾರ ಏನು ಮಾಡಲಿ ಎಂದು ವೆನ್ನಾ ಕೇಳಿದ್ದಕ್ಕೆ, ಟೊಮೆಟೊ ಗಿಡ ಕಟ್ಟಲಿಕ್ಕೆ ಆಗುತ್ತದೆ ಎಂದಳಂತೆ. ಬರುವ ವಾರದಿಂದ ಮತ್ತೆ ಸ್ಟೂಲಿನ ಮೇಲೆ ಬಂದು ಕೂರು, ಒಂದು ವರ್ಷ ಒಂದು ದಿನದ ಎಣಿಕೆ ಮೊದಲಿನಿಂದ ಎಂದಳಂತೆ.

೮

ಅಕ್ಕನಿಗೆ ಹೇಳದೆ ಇರುವುದು ವೆನ್ನಾಗೆ ಆಗಲಿಲ್ಲ. ಕೆರಾ ದೋಣಿಯಿಂದ ಇಳಿದು ಬಂದ ಒಂದು ಸಂಜೆ, ಬಂದರಿನ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ನಗುತ್ತಾಳೆ ಎಂದುಕೊಂಡಿದ್ದಳು, ಅಥವಾ ಹೊಡೆಯುತ್ತಾಳೆ. ಕೆರಾ ಒದ್ದೆ ಬೂಟು ಕಳಚುತ್ತಾ ಕೇಳಿಸಿಕೊಂಡಳು. ಬಿಚ್ಚಲಿಕ್ಕೆ ನೋಡಿದೆ, ಇನ್ನೊಂದು ದಾರಿ ಹುಡುಕುತ್ತಿದ್ದೇನೆ ಎಂದು ವೆನ್ನಾ ಹೇಳಿದಾಗ ಮಾತ್ರ ಕೈ ನಿಂತಿತು.

“ಬಿಚ್ಚಬೇಡ.”

ಅವನ ಗತಿ ನೋಡು ಎಂದಳು ವೆನ್ನಾ. ನಿನ್ನ ದನಿ ನೋಡಿಕೋ ಎಂದೂ ಹೇಳಿದಳು.

“ಅವನು ಮಾತಾಡ್ತಿದ್ದಾಗ ನೀನೆಲ್ಲಿ ಕೂತಿದ್ದೆ?” ಎಂದಳು ಕೆರಾ. “ನಮ್ಮ ಮನೆ ಮೇಜಲ್ಲೇ ಅಲ್ವಾ, ಆಲೂಗಡ್ಡೆ ತಿಂತಾ. ಎಷ್ಟು ವರ್ಷ ತಿಂದೆ. ಆವಾಗ ನನ್ನ ಗತಿ ಕಾಣಲಿಲ್ಲ ನಿನಗೆ. ಈಗ ಅವನದ್ದು ಕಾಣ್ತಾ ಇದೆ.”

ಏನು ಹೇಳಲಿ ಎಂದು ಯೋಚಿಸುತ್ತಾ ವೆನ್ನಾ ನೀರು ನೋಡುತ್ತಿದ್ದಳು. ಕೆರಾ ತಂಗಿಯ ಭುಜದ ಮೇಲೆ ಕೈಯಿಟ್ಟಳು. ಆ ಕೈ ಬೆಚ್ಚಗಿತ್ತು. ಬಾಯಿ ಕಿವಿಯ ಹತ್ತಿರ ಬಂತು. ಆ ಚಿಕ್ಕ ನಿಲುಗಡೆ ಬಂತು. ಮುಂದಿನ ಮಾತು ಏನೆಂದು ವೆನ್ನಾಗೆ ಗೊತ್ತಿತ್ತು, ನಿಮಗೂ ಗೊತ್ತಿದೆ, ನಾನು ಬರೆಯುವುದಿಲ್ಲ.

೯

ಮುಗಿಸುವ ಬಗೆಗಳು.

ಒಂದು. ಬಂದರಿನಲ್ಲಿ ಕ್ರಿಸ್ಮಸ್ ದೀಪ ಹಚ್ಚುವ ಸಂಜೆ, ಇಡೀ ಊರು ಹಾಡುತ್ತಿರುವಾಗ ಡೆಂಜಿಲ್‌ನ ದನಿ ಮರಳುತ್ತದೆ. ವೆನ್ನಾ ಇದನ್ನು ಕೇಳಿ, ಮರಳಿ ಬಂದು ಮೊದಲು ಏನು ಹೇಳ್ತಾನೆ ಎಂದಳು. ನನಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ. ಇಬ್ಬರಿಗೂ ಭಯವಾಯಿತು, ಆ ಮಾತು ಅಲ್ಲಿಗೇ ಬಿಟ್ಟೆವು.

ಇನ್ನೊಂದು. ಕೆರಾ ಮನೆ ಬಿಟ್ಟು ಹೋಗುತ್ತಾಳೆ, ದೂರದ ಊರಲ್ಲಿ ಅವಳ ದನಿ ಅವಳದಾಗುತ್ತದೆ. ಯಾಕೆ ಹೋಗ್ತಾಳೆ ಎಂದಳು ವೆನ್ನಾ, ಈಗ ಆ ಮನೆ ಅವಳದ್ದು.

ಮತ್ತೊಂದರಲ್ಲಿ ವೆನ್ನಾ ತನ್ನದೇ ನಾಲಿಗೆಯನ್ನು... ಆ ಪುಟ ಓದಿದ ಅವಳು ನನ್ನ ಮುಖ ನೋಡಿ, ನೀವು ಸಸ್ಯಾಹಾರಿ ಆಗೋದು ವಾಸಿ ಎಂದಳು.

ನಡೆಯುತ್ತಿರುವುದು ಇಷ್ಟು. ವಾರಕ್ಕೊಮ್ಮೆ ಅವಳು ಬರ್ಸಾಬಾಳ ಹಿತ್ತಲಲ್ಲಿ ಕೂರುತ್ತಾಳೆ. ಕೆರಾ ದೋಣಿಗೆ ಹೋಗುವ ಸಂಜೆಗಳಲ್ಲಿ ಡೆಂಜಿಲ್‌ನ ಎದುರು ಕೂರುತ್ತಾಳೆ. ಅವನು ಬಲೆ ಸರಿಮಾಡುತ್ತಾನೆ, ಅವಳು ದಾರ ಹಿಡಿದುಕೊಡುತ್ತಾಳೆ. ಕ್ಷಮಿಸು ಎಂದು ಅವಳು ಒಂದು ಸಲ ಹೇಳಿದಳು. ಅವನು ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

ಕಳೆದ ವಾರ ಅವನು ಸೂಜಿ ಕೆಳಗಿಟ್ಟು ಬಾಯಿ ತೆರೆದ. ತುಟಿ ಅಲುಗಿತು. ಹತ್ತಿರ ಬಾ ಎಂದು ಬೆರಳಿನಿಂದ ಕರೆದ. ವೆನ್ನಾ ಕುರ್ಚಿ ಎಳೆದುಕೊಂಡು ಅವನ ಬಾಯಿಗೆ ಕಿವಿ ತಂದಳು. ಚಹಾ ಮತ್ತು ಟಾರಿನ ವಾಸನೆಯ ಉಸಿರು ತಾಗಿತು. ಉಸಿರಿನೊಳಗೆ ಮಾತಿತ್ತು.

ಏನೆಂದ ಎಂದು ಕೇಳಿದೆ. ಅವಳು ನನ್ನ ಎರಡು ಬಂಗುಡೆಗಳನ್ನು ಕಾಗದದಲ್ಲಿ ಸುತ್ತುತ್ತಿದ್ದಳು.

“ಅದು ನಿಮಗೆ ಹೇಳಿದ್ದಲ್ಲ.”

ಓದುಗರು ಇಷ್ಟು ದೂರ ಬಂದಿದ್ದಾರೆ, ಕಥೆಗೆ ಬೇಕು, ಒಂದು ಸುಳಿವಾದರೂ ಕೊಡು ಎಂದೆ. ಒಳ್ಳೆಯ ಮಾತಾ, ಕೆಟ್ಟದ್ದಾ, ಅಷ್ಟಾದರೂ ಹೇಳು. ವೆನ್ನಾಳ ಕಣ್ಣು ನನ್ನ ಭುಜದಾಚೆ ಹೋಗಿ ಅಲ್ಲೇ ನಿಂತಿತ್ತು.

ತಿರುಗಿ ನೋಡಿದೆ. ನನ್ನ ಹಿಂದೆ ಸಾಲಿನಲ್ಲಿ ಕೆರಾ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಇಷ್ಟು ದಿನ ನಾನು ಅವಳ ಬಗ್ಗೆ ಪುಟಗಟ್ಟಲೆ ಬರೆದಿದ್ದರೂ ಅವಳ ಜೊತೆ ಒಂದು ಮಾತೂ ಆಡಿರಲಿಲ್ಲ. ಚೆಂದದ ಹೆಂಗಸು. ಕೂದಲಿನಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು.

“ನೀವು ಏನೋ ಬರೀತಿದ್ದೀರಂತೆ,” ಎಂದಳು, ನಗುತ್ತಾ, ತುಂಬಾ ಮೆತ್ತಗೆ.

ಹೌದು ಎಂದೆ. ಅವಳು ನನ್ನ ಮಣಿಕಟ್ಟನ್ನು ಮುದ್ದಾಗಿ ತಟ್ಟಿದಳು. ಆಮೇಲೆ ಸ್ವಲ್ಪ ತಡೆದಳು. ಅವಳು ಬಾಯಿ ತೆರೆಯುತ್ತಿದ್ದಾಳೆ. ನಾನು ಇಲ್ಲಿಗೆ ಬರೆಯುವುದನ್ನು ನಿಲ್ಲಿಸಿದ್ದೇನೆ.